ಬೀಜದ ಹೋರಿಯ ಫಲವತ್ತತೆ: ಪ್ರಯೋಗಶಾಲೆಯ ಸಾಕ್ಷ್ಯ, ಕೊಟ್ಟಿಗೆಯ ಸಾಕ್ಷ್ಯ



ಒಂದು ಹಸು ಗಬ್ಬವಾಗದೆ ಉಳಿದರೆ ನಷ್ಟವು ಒಂದು ಮನೆಯದು. ಒಂದು ಹೋರಿಯ ಬೀಜದಲ್ಲಿ ಸತ್ತ್ವವಿಲ್ಲದೆ ಹೋದರೆ ನಷ್ಟವು ಇಡೀ ಊರಿನದು. ಆ ಹೋರಿಯ ವೀರ್ಯವು ಘನೀಕೃತ ನಳಿಕೆಗಳ ರೂಪದಲ್ಲಿ ಜಿಲ್ಲೆಯಿಂದ ಜಿಲ್ಲೆಗೆ ಸಾಗುವ ಈ ಕಾಲದಲ್ಲಿಯಾದರೋ ಆ ನಷ್ಟದ ಎಲ್ಲೆಯನ್ನು ಗುರುತಿಸುವುದೇ ದುಸ್ಸಾಧ್ಯವಾಗಿರುತ್ತದೆ. ಆದಕಾರಣ, ಹೋರಿಯೊಂದನ್ನು ಸಂತಾನಕಾರ್ಯಕ್ಕೆ ನಿಯೋಜಿಸುವುದಕ್ಕೆ ಮುನ್ನವೇ, ಅದರ ವೀರ್ಯವನ್ನು ಪರೀಕ್ಷಿಸಿ, ಇದರಿಂದ ಹಸುಗಳು ಗಬ್ಬ ಕಟ್ಟುವುವೇ ಇಲ್ಲವೇ ಎಂಬುದನ್ನು ನಿರ್ಧರಿಸಬಹುದೇ ಎಂಬ ಪ್ರಶ್ನೆಯು ಕೇವಲ ವಿದ್ವಜ್ಜನರ ಕುತೂಹಲದ ವಿಷಯವಾಗಿರದೆ, ಎರಡು ಹಸುಗಳ ಹಾಲಿನಿಂದ ವರ್ಷವನ್ನು ನೂಕುವ ಸಂಸಾರದ ಅನ್ನದ ಪ್ರಶ್ನೆಯೂ ಆಗಿದೆ. ಬೆದೆಗೆ ಬಂದ ಹಸುವಿಗೆ ಕೃತಕ ಗರ್ಭಧಾರಣೆಯ ಸೂಜಿ ಹಾಕಿಸಿ, ಅದು ನಿಲ್ಲದೆ ಮತ್ತೆ ಬೆದೆ ತಿರುಗಿದಾಗ ಕಳೆದುಹೋದ 21 ದಿನಗಳ ಮೇವು, ನೀರು, ಆರೈಕೆಗಳಿಗೆ ಯಾರೂ ರಸೀದಿ ಕೊಡುವುದಿಲ್ಲ. ಈ ಪ್ರಶ್ನೆಗೆ ವಿಜ್ಞಾನವು ಇದುವರೆಗೆ ಕೊಟ್ಟಿರುವ ಉತ್ತರವನ್ನೂ, ಆ ಉತ್ತರದಲ್ಲಿ ಇನ್ನೂ ತುಂಬಬೇಕಾಗಿರುವ ಭಾಗವನ್ನೂ, ಆ ಭಾಗವನ್ನು ತುಂಬಬಲ್ಲವರು ಯಾರೆಂಬುದನ್ನೂ ತಮ್ಮ ಮುಂದೆ ಇಡುವುದು ನನ್ನ ಉದ್ದೇಶ.

ಮೊದಲು ನಮ್ಮ ಚಾಮರಾಜನಗರ ಗುಂಡ್ಲುಪೇಟೆ ಸೀಮೆಯ ಪಶುಸಂಪತ್ತಿನ ಸ್ವರೂಪವನ್ನು ನೆನೆಯುವುದು ಉಚಿತವಾದೀತು. ಪಶ್ಚಿಮಘಟ್ಟದ ಮಳೆಯ ಮರೆಯಲ್ಲಿರುವ ಈ ನಾಡಿನಲ್ಲಿ, ಬಂಡೀಪುರದ ಕಾಡಂಚಿನ ಹಳ್ಳಿಗಳಲ್ಲಿ, ಹಾಲಿಗಿಂತ ಹೆಚ್ಚಾಗಿ ಗೊಬ್ಬರಕ್ಕಾಗಿಯೇ ಸಾಕಲ್ಪಡುವ ನಾಟಿ ದನಗಳ ಹಿಂಡುಗಳಿವೆ. ಆ ಸಗಣಿಯ ಗೊಬ್ಬರವು ಗಡಿಯಾಚೆ ಕೇರಳದ ಕಾಫಿ ತೋಟಗಳಿಗೆ ಲಾರಿಗಳಲ್ಲಿ ಹೋಗುವುದನ್ನು ಗುಂಡ್ಲುಪೇಟೆಯವರು ಬಲ್ಲರು. ಅದೇ ಹಳ್ಳಿಗಳ ಹಿತ್ತಿಲಲ್ಲಿ ಸೀಮೆ ಹಸು ಎಂದು ಕರೆಯಲ್ಪಡುವ ಮಿಶ್ರತಳಿಯ ಹಸುಗಳು ಕಟ್ಟಲ್ಪಟ್ಟಿದ್ದು, ಅವುಗಳ ಹಾಲು ಬೆಳಗೂ ಬೈಗೂ ಡೈರಿಗೆ ಬಂದು, ಅಲ್ಲಿಂದ ಕುದೇರಿನ ಹಾಲಿನ ಘಟಕಕ್ಕೆ ಸಾಗುತ್ತದೆ. ಉಳುಮೆಗೆ ಹಳ್ಳಿಕಾರ್ ತಳಿಯು ಇನ್ನೂ ಪ್ರಶಸ್ತವೆನಿಸಿಕೊಂಡಿದೆ. ಪೂರ್ವಕ್ಕೆ ಸರಿದರೆ ಮಲೆಮಹದೇಶ್ವರನ ಬೆಟ್ಟದ ಸಾಲಿನ ಆಚೀಚೆ ಆಲಂಬಾಡಿ, ಬರಗೂರು ಎಂಬ ತಳಿಗಳ ಸೀಮೆ. ಹೀಗೆ ಒಂದೇ ಜಿಲ್ಲೆಯಲ್ಲಿ ಸಂತಾನಕ್ರಮವು ಎರಡು ಹಾದಿಗಳಲ್ಲಿ ನಡೆಯುತ್ತಿದೆ: ಸೀಮೆ ಹಸುವಿಗೆ ನಳಿಕೆ, ನಾಟಿ ಹಸುವಿಗೆ ಬಹುಮಟ್ಟಿಗೆ ಹಿಂಡಿನ ಹೋರಿ. ನಳಿಕೆಯ ಹಿಂದೆ ಪರೀಕ್ಷೆಗಳ ಒಂದು ಸರಣಿಯೇ ಇದೆ. ಹಿಂಡಿನ ಹೋರಿಯನ್ನು ಯಾರೂ ಪರೀಕ್ಷಿಸಿಲ್ಲ.

ಯಾರೂ ಪರೀಕ್ಷಿಸಿಲ್ಲವೆಂದರೆ ನಮ್ಮ ಹಿರಿಯರಿಗೆ ಅನ್ಯಾಯ ಮಾಡಿದಂತಾದೀತು. ತೆರಕಣಾಂಬಿಯ ಸಂತೆಯಲ್ಲಿ ಹೋರಿಯ ವ್ಯಾಪಾರವನ್ನು ಕಂಡವರಿಗೆ ಆ ಪರೀಕ್ಷೆಯ ಕ್ರಮವು ಗೊತ್ತು. ಕೊಳ್ಳುವವನು ಮೊದಲು ಕೆಳದುಟಿಯನ್ನು ಸರಿಸಿ ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂದು ನೋಡುತ್ತಾನೆ. ಬಳಿಕ ಹಣೆಯಿಂದ ಬೆನ್ನಿನವರೆಗೆ ಅಂಗೈಯಾಡಿಸಿ ಸುಳಿಗಳನ್ನು ಎಣಿಸುತ್ತಾನೆ. ಗೊರಸನ್ನು, ಹಿಂಗಾಲಿನ ನಿಲುವನ್ನು, ಬಾಲದ ಬುಡವನ್ನು ನೋಡಿ, ನಾಲ್ಕು ಹೆಜ್ಜೆ ನಡೆಸಿ, ಕೊನೆಗೆ ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುತ್ತಾನೆ. ಸುಳಿಯ ಶುಭಾಶುಭಗಳನ್ನು ಶಾಸ್ತ್ರಜ್ಞರು ಒಪ್ಪಲಾರರು. ಆದರೆ ಹಿಂಗಾಲಿನ ಬಲ, ಗೊರಸಿನ ಆರೋಗ್ಯ, ಅಂಗಗಳ ಸಮತೆ ಇವೆಲ್ಲವೂ ಇಂದಿನ ಪಶುವೈದ್ಯನ ಪಟ್ಟಿಯಲ್ಲಿಯೂ ಮೊದಲ ಸ್ಥಾನದಲ್ಲಿಯೇ ಇವೆ, ಏಕೆಂದರೆ ಹಿಂಗಾಲು ನೋಯುವ ಹೋರಿಯು ಹಸುವಿನ ಮೇಲೇರಲಾರದು. ಹಿರಿಯರ ಕಣ್ಣು ಉಳುಮೆಯ ಶಕ್ತಿಯನ್ನು ಅಳೆಯುವುದರಲ್ಲಿ ಬಹಳ ನಿಪುಣವಾಗಿತ್ತು. ಬೀಜದ ಶಕ್ತಿಯು ಮಾತ್ರ ಕಣ್ಣಿಗೆ ಕಾಣದ್ದಾಗಿ, ಒಂದೆರಡು ವರ್ಷಗಳ ಕರುಗಳನ್ನು ನೋಡಿದ ಮೇಲೆಯೇ ತಿಳಿಯಬೇಕಾಗಿತ್ತು.

ಕಾಣದ್ದನ್ನು ಕಾಣುವಂತೆ ಮಾಡಿದ್ದು ಸೂಕ್ಷ್ಮದರ್ಶಕ. ಹಾಲೆಂಡಿನ ಲೀವೆನ್‌ಹುಕ್ 1677ರಲ್ಲಿ ವೀರ್ಯಾಣುಗಳನ್ನು ಕಂಡನು. ಇಟಲಿಯ ಸ್ಪಲಾನ್ಜಾನಿಯು ಹದಿನೆಂಟನೆಯ ಶತಮಾನದಲ್ಲಿ ನಾಯಿಯೊಂದರಲ್ಲಿ ಕೃತಕ ಗರ್ಭಧಾರಣೆಯನ್ನು ಸಾಧಿಸಿದನು. ರಷ್ಯಾದ ಇವಾನೋವನು ಅದನ್ನು ಪಶುಸಂಗೋಪನೆಗೆ ಇಳಿಸಿದನು. ಭಾರತದಲ್ಲಿ ಈ ವಿದ್ಯೆಯ ಮೊದಲ ಹೆಜ್ಜೆಯು ನಮ್ಮ ನೆರೆಯಲ್ಲಿಯೇ, ಮೈಸೂರಿನ ಅರಮನೆಯ ಡೈರಿ ಫಾರಂನಲ್ಲಿ, 1939ರಲ್ಲಿ ಡಾ. ಸಂಪತ್ ಕುಮಾರನ್ ಅವರಿಂದ ಇಡಲ್ಪಟ್ಟಿತೆಂಬುದು ಈ ಸೀಮೆಯು ಹೆಮ್ಮೆಪಡಬೇಕಾದ ಸಂಗತಿ. ಆಗ ನಮ್ಮ ಸೀಮೆಯೂ ಮೈಸೂರು ಜಿಲ್ಲೆಗೇ ಸೇರಿದ್ದಿತು. ಹಾಲ್‌ಸ್ಟೀನ್ ಹೋರಿಯ ವೀರ್ಯವನ್ನು ಬಹುಸಂಖ್ಯೆಯ ಹಳ್ಳಿಕಾರ್ ಹಸುಗಳಿಗೆ ಕೊಡಲಾಗಿ 33 ಹಸುಗಳು ಗರ್ಭಧರಿಸಿದುವೆಂದು ಪಠ್ಯಗ್ರಂಥಗಳು ಹೇಳುತ್ತವೆ. ಆ ಕಾಲಕ್ಕೆ ಅದು ದೊಡ್ಡ ಸಾಧನೆಯೇ ಸರಿ. ಆದರೂ ಗಮನಿಸಬೇಕಾದ ಅಂಶವೊಂದಿದೆ. ಗಬ್ಬವಾದ ಹಸುಗಳ ಸಂಖ್ಯೆಯನ್ನು ಗ್ರಂಥಗಳು ಜತನದಿಂದ ಉಳಿಸಿಕೊಂಡಿವೆ. ಯತ್ನಿಸಲ್ಪಟ್ಟ ಹಸುಗಳು ‘ಬಹುಸಂಖ್ಯೆ’ ಎಂಬ ಒಂದು ಮಾತಿನಲ್ಲಿ ಅಡಗಿಹೋಗಿವೆ. ಫಲವತ್ತತೆಯೆಂಬುದು ಒಂದು ಭಿನ್ನರಾಶಿ. ಅಂಶವಿದ್ದು ಛೇದವಿಲ್ಲದಿದ್ದರೆ ಅದರಿಂದ ಹೋರಿಯ ಯೋಗ್ಯತೆಯು ತಿಳಿಯದು. ಇಂದಿಗೂ ನಮ್ಮ ಅನೇಕ ಚರ್ಚೆಗಳು ಈ ಛೇದದ ಅಭಾವದಿಂದಲೇ ಎಡವುತ್ತಿವೆಯೆಂದು ನಾನು ನಂಬಿದ್ದೇನೆ.

1949ರಲ್ಲಿ ಇಂಗ್ಲೆಂಡಿನ ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬವರು ಗ್ಲಿಸರಾಲ್ ಬೆರೆಸಿದ ವೀರ್ಯವು ಘನೀಭವಿಸಿಯೂ ಜೀವವನ್ನುಳಿಸಿಕೊಳ್ಳುವುದೆಂದು ಕಂಡುಕೊಂಡ ಮೇಲೆ ಕಾಲ ದೇಶಗಳ ಬಂಧನವು ಸಡಿಲವಾಯಿತು. ಡೆನ್ಮಾರ್ಕಿನ ಸಹಕಾರದಿಂದ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಘನೀಕೃತ ವೀರ್ಯದ ಕೇಂದ್ರವು ತಲೆಯೆತ್ತಿತು. ಹೋರಿಯು ಒಮ್ಮೆ ಕೊಡುವ ವೀರ್ಯವು ಸುಮಾರು 5 ಮಿಲಿಲೀಟರ್, ಪ್ರತಿ ಮಿಲಿಲೀಟರಿನಲ್ಲಿ 100 ಕೋಟಿಯಷ್ಟು ವೀರ್ಯಾಣುಗಳು, 0.25 ಮಿಲಿಲೀಟರಿನ ಒಂದು ನಳಿಕೆಗೆ 2 ಕೋಟಿಯಂತೆ ಹಂಚಿದರೆ ಒಂದು ಸಲದ ವೀರ್ಯದಿಂದ ಇನ್ನೂರಕ್ಕೂ ಮಿಕ್ಕು ನಳಿಕೆಗಳು ಸಿದ್ಧವಾಗುತ್ತವೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿರುವ ಆ ನಳಿಕೆಗಳು ಹೋರಿಯು ಸತ್ತ ಮೇಲೆಯೂ ದಶಕಗಳ ಕಾಲ ಉಳಿಯಬಲ್ಲವು. ಗುಣವು ಹೇಗೆ ಹರಡುವುದೋ ದೋಷವೂ ಹಾಗೆಯೇ ಹರಡುವುದು. ಪರೀಕ್ಷೆಯ ಹೊಣೆಯು ಇಷ್ಟೊಂದು ಭಾರವಾದದ್ದು ಇದರಿಂದಲೇ.

ಪರೀಕ್ಷೆಯು ವೀರ್ಯದಿಂದ ಆರಂಭವಾಗುವುದಿಲ್ಲ, ಹೋರಿಯ ಮೈಯಿಂದ ಆರಂಭವಾಗುತ್ತದೆ. ವೃಷಣಗಳು ದೇಹದ ತಾಪಕ್ಕಿಂತ 2ರಿಂದ 6 ಡಿಗ್ರಿಯಷ್ಟು ತಂಪಾಗಿದ್ದರೆ ಮಾತ್ರ ವೀರ್ಯಾಣುಗಳು ಸರಿಯಾಗಿ ರೂಪುಗೊಳ್ಳುತ್ತವೆ. ವೃಷಣಚೀಲದ ಸುತ್ತಳತೆಯು ವೀರ್ಯೋತ್ಪಾದನೆಯ ಸಾಮರ್ಥ್ಯಕ್ಕೆ ಸುಲಭವಾದ, ನಂಬಬಹುದಾದ ಸೂಚಿ. ಪಾಶ್ಚಾತ್ಯ ತಳಿಗಳಿಗೆ ಎರಡು ವರ್ಷ ಮೀರಿದ ಹೋರಿಯಲ್ಲಿ ಕನಿಷ್ಠ 34 ಸೆಂಟಿಮೀಟರ್ ಇರಬೇಕೆಂಬ ನಿಯಮವನ್ನು ಅಮೆರಿಕದ ತಜ್ಞರು ವಿಧಿಸಿದ್ದಾರೆ. ತಡವಾಗಿ ಪ್ರಾಯಕ್ಕೆ ಬರುವ, ಮೈಕಟ್ಟಿನಲ್ಲಿ ಹಗುರವಾದ ನಮ್ಮ ಹಳ್ಳಿಕಾರ್ ಹೋರಿಯನ್ನು ಆ ಅಳತೆಯ ಪಟ್ಟಿಯಿಂದ ಅಳೆದು ತಿರಸ್ಕರಿಸುವುದು ವಿವೇಕವಲ್ಲ. ನಮ್ಮ ತಳಿಗೆ ನಮ್ಮದೇ ಅಳತೆಯನ್ನು ನಿರ್ಣಯಿಸಿಕೊಳ್ಳಬೇಕು.

ಇನ್ನೊಂದು ಸಂಗತಿಯನ್ನು ಗೋಪಾಲಕರು ವಿಶೇಷವಾಗಿ ಮನಗಾಣಬೇಕೆಂದು ಪ್ರಾರ್ಥಿಸುತ್ತೇನೆ. ಹೋರಿಯಲ್ಲಿ ಒಂದು ವೀರ್ಯಾಣುವು ರೂಪುಗೊಳ್ಳುವುದಕ್ಕೆ ಸುಮಾರು 61 ದಿನಗಳು ಬೇಕು. ಆ ಬಳಿಕ ಅದು ಪಕ್ವವಾಗಿ ಹೊರಬರುವುದಕ್ಕೆ ಮತ್ತೆ ಹತ್ತು ದಿನಗಳ ಆಸುಪಾಸು. ಇಂದು ನಾವು ಗಾಜಿನ ಮೇಲೆ ಕಾಣುವ ವೀರ್ಯವು ಎರಡು ತಿಂಗಳಿಗೂ ಹಿಂದಿನ ಹೋರಿಯ ಆರೋಗ್ಯವನ್ನು ಹೇಳುತ್ತಿರುತ್ತದೆ. ಚೈತ್ರದಲ್ಲಿ ಕಾಲುಬಾಯಿ ಜ್ವರದಿಂದ ನರಳಿದ ಹೋರಿಯು ವೈಶಾಖದಲ್ಲಿ ಮೇವು ತಿಂದು ಮೈತುಂಬಿ ಗುಟುರು ಹಾಕುತ್ತಿದ್ದರೂ, ಅದರ ಬೀಜದಲ್ಲಿ ಆ ಜ್ವರವು ಇನ್ನೂ ಉಳಿದಿರುತ್ತದೆ. ಒಂದೇ ಪರೀಕ್ಷೆಯಿಂದ ಹೋರಿಯನ್ನು ಹೊಗಳುವುದೂ ಸಲ್ಲದು, ಕಟುಕನ ಕೈಗೆ ಕೊಡುವುದೂ ಸಲ್ಲದು. ಎಪ್ಪತ್ತು ದಿನಗಳ ಅಂತರದಲ್ಲಿ ಮತ್ತೊಮ್ಮೆ ನೋಡುವ ತಾಳ್ಮೆಯು ಬೇಕು.

ಈಗ ಗಾಜಿನ ಮೇಲಿನ ಹನಿಯನ್ನು ನೋಡೋಣ. ಹೋರಿಯ ಮೈಶಾಖಕ್ಕೆ ಸಮೀಪವಾಗಿ, 37 ಡಿಗ್ರಿಗೆ ಬೆಚ್ಚಗಿರಿಸಿದ ಗಾಜಿನ ಮೇಲೆ ಹೊಸ ವೀರ್ಯದ ಹನಿಯನ್ನಿಟ್ಟು ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ, ಉತ್ತಮವಾದುದರಲ್ಲಿ ದಟ್ಟವಾದ ಅಲೆಗಳೂ ಸುಳಿಗಳೂ ಎದ್ದು ಎದ್ದು ಸರಿಯುತ್ತವೆ; ಹೀನವಾದುದರಲ್ಲಿ ಅಲೆಯಿಲ್ಲದೆ ಅಲ್ಲಲ್ಲಿ ಒಂದೊಂದು ಅಣುವು ಮಾತ್ರ ಮಿಸುಕುತ್ತಿರುತ್ತದೆ. ಆ ಮೇಲೆ ಹನಿಯನ್ನು ತೆಳುಗೊಳಿಸಿ, ನೂರರಲ್ಲಿ ಎಷ್ಟು ಅಣುಗಳು ನೇರವಾಗಿ ಮುಂದಕ್ಕೆ ಈಜುತ್ತಿವೆಯೆಂದು ಅಂದಾಜು ಮಾಡುತ್ತಾರೆ. ಇಯೋಸಿನ್, ನೈಗ್ರೋಸಿನ್ ಎಂಬ ಬಣ್ಣಗಳನ್ನು ಬೆರೆಸಿ ಲೇಪಿಸಿದರೆ ಕಪ್ಪು ನೆಲದ ಮೇಲೆ ಸತ್ತ ಅಣುವು ಬಣ್ಣವನ್ನು ಹೀರಿ ನಸುಗೆಂಪಾಗಿಯೂ, ಬದುಕಿದ್ದ ಅಣುವು ಬೆಳ್ಳಗೂ ಕಾಣುತ್ತದೆ. ತಲೆಯು ಪೇರು ಹಣ್ಣಿನಂತೆ ಕಿರಿದಾದುದು, ಬಾಲವು ಸುರುಳಿಯಾದುದು, ಕತ್ತಿನಲ್ಲಿ ಅಪಕ್ವತೆಯ ಬಿಂದುವು ಉಳಿದುದು, ತಲೆ ಬಾಲಗಳು ಬೇರ್ಪಟ್ಟುದು, ಇಂತಹ ವಿಕೃತಿಗಳನ್ನು ಎಣಿಸುತ್ತಾರೆ. ತಲೆಯ ತುದಿಯಲ್ಲಿರುವ ಟೊಪ್ಪಿಗೆಯಂತಹ ಪೊರೆಯು ಕೆಡದಿರಬೇಕು. ಅಂಡದ ಗೋಡೆಯನ್ನು ಭೇದಿಸುವ ಕಿಣ್ವಗಳು ಇರುವುದು ಅಲ್ಲಿ. ಸಾರವು ತೀರ ಕಡಮೆಯಾದ ದ್ರವದಲ್ಲಿಟ್ಟಾಗ ಪೊರೆ ಜೀವಂತವಾಗಿರುವ ಅಣುವಿನ ಬಾಲವು ನೀರನ್ನು ಹೀರಿ ಉಬ್ಬಿ ಮಡಚಿಕೊಳ್ಳುವುದು. ಇದೂ ಒಂದು ಸರಳವಾದ, ತಾಲ್ಲೂಕು ಮಟ್ಟದಲ್ಲಿಯೂ ಮಾಡಬಹುದಾದ ಪರೀಕ್ಷೆ.

ಕೇಂದ್ರ ಸರ್ಕಾರವು ವೀರ್ಯಕೇಂದ್ರಗಳಿಗೆ ಕನಿಷ್ಠ ಮಾನದಂಡಗಳನ್ನು ವಿಧಿಸಿದೆ. ಹೊಸ ವೀರ್ಯದಲ್ಲಿ ನೂರಕ್ಕೆ 70 ಅಣುಗಳಾದರೂ ಮುನ್ನಡೆಯುತ್ತಿರಬೇಕು. ವಿಕೃತಿಗಳು 20ನ್ನು ಮೀರಬಾರದು. ಘನೀಕರಿಸಿ ಕರಗಿಸಿದ ಬಳಿಕ 50 ಆದರೂ ಚಲಿಸಬೇಕು. ಈ ಮಾನದಂಡಗಳು ತಿರಸ್ಕಾರದ ಕಾರ್ಯವನ್ನು ಬಹು ಚೆನ್ನಾಗಿ ನಿರ್ವಹಿಸುತ್ತವೆ. ಚಲನೆಯೇ ಇಲ್ಲದ, ವಿಕೃತಿಗಳೇ ತುಂಬಿದ ವೀರ್ಯದ ಹೋರಿಯನ್ನು ಅವು ನಿಸ್ಸಂದೇಹವಾಗಿ ಹೊರಗಿಡುತ್ತವೆ. ಆದರೆ ತೇರ್ಗಡೆಯಾದ ಹತ್ತು ಹೋರಿಗಳಲ್ಲಿ ಯಾವುದು ಉತ್ತಮ, ಯಾವುದು ಮಧ್ಯಮ ಎಂಬ ಪ್ರಶ್ನೆಯನ್ನು ಕೇಳಿದೊಡನೆ ಅವು ಮೌನ ತಾಳುತ್ತವೆ. ಗಾಜಿನ ಮೇಲೆ ಒಂದೇ ಬಗೆಯಾಗಿ ಈಜುವ ವೀರ್ಯವುಳ್ಳ ಎರಡು ಹೋರಿಗಳು ಊರುಗಳಲ್ಲಿ ಕೊಡುವ ಫಲದಲ್ಲಿ ಸ್ಪಷ್ಟವಾದ ಅಂತರವನ್ನು ತೋರುವುದುಂಟೆಂದು ದೇಶವಿದೇಶಗಳ ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ.

ಇದಕ್ಕೆ ಕಾರಣವೇನು? ಅಣುವು ಈಜಬೇಕು, ಗರ್ಭಕೋಶವನ್ನು ದಾಟಬೇಕು, ಅಂಡನಾಳದ ಗೋಡೆಗೆ ಅಂಟಿ ಕಾಯಬೇಕು, ಅಂಡವು ಬಂದ ಹೊತ್ತಿಗೆ ಪಕ್ವವಾಗಿ ಬಿಡಿಸಿಕೊಳ್ಳಬೇಕು, ಅಂಡದ ಗೋಡೆಯನ್ನು ಭೇದಿಸಬೇಕು, ಅಷ್ಟರ ಮೇಲೆ ತಾನು ಹೊತ್ತು ತಂದ ಆನುವಂಶಿಕ ದ್ರವ್ಯವು ಅಖಂಡವಾಗಿದ್ದು ಭ್ರೂಣವನ್ನು ಬೆಳೆಸಬೇಕು. ಇಷ್ಟು ಬಾಗಿಲುಗಳಲ್ಲಿ ಮೊದಲನೆಯದನ್ನು ಮಾತ್ರ ಚಲನೆಯ ಪರೀಕ್ಷೆಯು ಕಾಯುತ್ತದೆ. ಆದುದರಿಂದಲೇ ಶಾಸ್ತ್ರಜ್ಞರು ವೀರ್ಯದ ದೋಷಗಳನ್ನು ಎರಡಾಗಿ ವಿಂಗಡಿಸಿದ್ದಾರೆ. ಚಲನೆಯ ಕೊರತೆಯಂತಹ ದೋಷವನ್ನು ನಳಿಕೆಯೊಳಗಿನ ಅಣುಗಳ ಸಂಖ್ಯೆಯನ್ನು ಹೆಚ್ಚಿಸಿ ತುಂಬಿಕೊಡಬಹುದು. ಅಣುವು ಅಂಡವನ್ನು ಸೇರಿದ ಮೇಲೆ ಭ್ರೂಣವನ್ನು ಕೆಡಿಸುವ ದೋಷವನ್ನು, ಸಂಖ್ಯೆಯನ್ನು ಎಷ್ಟು ಹೆಚ್ಚಿಸಿದರೂ ತುಂಬಿಕೊಡಲಾಗದು, ಏಕೆಂದರೆ ಆ ಅಣುವು ಒಳ್ಳೆಯ ಅಣುವಿನ ಸ್ಥಾನವನ್ನೇ ಆಕ್ರಮಿಸಿಬಿಟ್ಟಿರುತ್ತದೆ. ಈ ವಿಂಗಡಣೆಯು ನನಗೆ ಈ ಶಾಸ್ತ್ರದ ಅತ್ಯಂತ ಬೆಲೆಯುಳ್ಳ ವಿಚಾರವಾಗಿ ತೋರಿದೆ.

ಎರಡನೆಯ ಬಗೆಯ ದೋಷವನ್ನು ಹಿಡಿಯುವುದಕ್ಕಾಗಿ ಹೊಸ ಉಪಾಯಗಳು ಹುಟ್ಟಿವೆ. ಒಂದು ವಿಧಾನದಲ್ಲಿ, ಅಣುವಿನ ತಲೆಯನ್ನು ಆಮ್ಲದಿಂದ ಕ್ಷಣಕಾಲ ಪರೀಕ್ಷೆಗೊಡ್ಡಿ ಬಣ್ಣ ಹಾಕಿದರೆ, ಡಿ.ಎನ್.ಎ. ಅಖಂಡವಾಗಿರುವ ತಲೆಯು ಹಸುರಾಗಿಯೂ ಮುರಿದಿರುವುದು ಕೆಂಪಾಗಿಯೂ ಹೊಳೆಯುತ್ತದೆ. ಫ್ಲೋ ಸೈಟೋಮೀಟರ್ ಎಂಬ ಯಂತ್ರವು ಸಾವಿರಾರು ಅಣುಗಳನ್ನು ಕೆಲವು ನಿಮಿಷಗಳಲ್ಲಿ ಒಂದೊಂದಾಗಿ ಎಣಿಸುತ್ತದೆ. ಅಣುವಿನ ಚಲನೆಯ ಪಥ, ವೇಗ, ತಲೆಯ ತೂಗಾಟಗಳನ್ನು ಗಣಕಯಂತ್ರವು ಅಳೆಯುತ್ತದೆ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರವೂ, ರಾಷ್ಟ್ರೀಯ ಪಶುಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯೂ ಹೋರಿಯ ಫಲವತ್ತತೆಯ ಅಧ್ಯಯನದಲ್ಲಿ ತೊಡಗಿವೆ. ಮಿಶ್ರತಳಿಯ ಹೋರಿಗಳಲ್ಲಿ ಗಣನೀಯ ಪಾಲು ವೀರ್ಯದ ಹೀನತೆಯಿಂದಲೇ ತಿರಸ್ಕೃತವಾಗುತ್ತಿರುವುದು ನಮ್ಮ ದೇಶದ ವಿಶೇಷ ಸಮಸ್ಯೆಯಾದ್ದರಿಂದ ಈ ಅಧ್ಯಯನಗಳಿಗೆ ಮಹತ್ತ್ವ ಹೆಚ್ಚು. ಇವೆಲ್ಲದರಿಂದ ಹೊರಟ ತೀರ್ಮಾನವೆಂದರೆ, ಯಾವ ಒಂದು ಪರೀಕ್ಷೆಯೂ ಏಕಾಕಿಯಾಗಿ ಫಲವನ್ನು ಮುಂಗಾಣಲಾರದು. ಬೇರೆ ಬೇರೆ ಬಾಗಿಲುಗಳನ್ನು ಕಾಯುವ ಹಲವು ಪರೀಕ್ಷೆಗಳನ್ನು ಒಗ್ಗೂಡಿಸಿದಾಗ ಮುನ್ನೋಟವು ಹೆಚ್ಚು ನಿಖರವಾಗುತ್ತದೆ.

ಆದರೆ ಪರೀಕ್ಷೆಯು ನಿಖರವೆಂದು ಹೇಳುವುದಕ್ಕೆ ಅದನ್ನು ಯಾವುದರೊಡನೆ ಹೋಲಿಸಿ ನೋಡಬೇಕು? ಕೊಟ್ಟಿಗೆಯಲ್ಲಿ ನಿಂತ ಗಬ್ಬದೊಡನೆ. ಇಲ್ಲಿಯೇ ನಮ್ಮ ಸರಪಳಿಯು ಕಳಚಿಕೊಂಡಿರುವುದು. ಪಾಶ್ಚಾತ್ಯ ದೇಶಗಳಲ್ಲಿ, ಗರ್ಭಧಾರಣೆಯಾದ ಹಸುವು ಎರಡು ತಿಂಗಳೊಳಗೆ ಮತ್ತೆ ಸೂಜಿಗೆ ಬಾರದಿದ್ದರೆ ಗಬ್ಬವಾಯಿತೆಂದು ಎಣಿಸುತ್ತಾರೆ. ನಮ್ಮಲ್ಲಿ ಬಾರದಿದ್ದ ಹಸುವನ್ನು ಸಂತೆಯಲ್ಲಿ ಮಾರಿರಬಹುದು, ಪಕ್ಕದೂರಿನ ಹೋರಿಗೆ ಕೊಡಿಸಿರಬಹುದು, ಮುಂಗಾರಿನ ಬಿತ್ತನೆಯ ಗಡಿಬಿಡಿಯಲ್ಲಿ ಬೆದೆಯನ್ನೇ ಗಮನಿಸದಿರಬಹುದು. ಆದುದರಿಂದ ಆ ಲೆಕ್ಕವು ನಮಗೆ ಒಪ್ಪುವುದಿಲ್ಲ. ಎರಡು ಮೂರು ತಿಂಗಳಿಗೆ ವೈದ್ಯನು ಕೈಯಿಂದ ಪರೀಕ್ಷಿಸಿ ಗಬ್ಬವನ್ನು ಖಚಿತಪಡಿಸುವುದೇ ನಂಬಬಹುದಾದ ಮಾರ್ಗ.

ಸಂಖ್ಯೆಯ ವಿಚಾರವನ್ನೂ ಸ್ವಲ್ಪ ನಿಧಾನವಾಗಿ ನೋಡಬೇಕು. ನೂರಕ್ಕೆ 50 ಹಸುಗಳನ್ನು ಗಬ್ಬ ಕಟ್ಟಿಸಬಲ್ಲ ಹೋರಿಯೊಂದಿದೆಯೆಂದು ಭಾವಿಸೋಣ. ಅದರ ನಳಿಕೆಗಳನ್ನು 100 ಹಸುಗಳಿಗೆ ಕೊಟ್ಟರೆ, ಕೇವಲ ಯದೃಚ್ಛೆಯ ಏರಿಳಿತದಿಂದಲೇ 40 ಹಸುಗಳು ನಿಲ್ಲಬಹುದು, 60 ನಿಲ್ಲಬಹುದು. 400 ಹಸುಗಳಿಗೆ ಕೊಟ್ಟರೆ ಈ ಹೊಯ್ದಾಟವು ನೂರಕ್ಕೆ 45ರಿಂದ 55ಕ್ಕೆ ಇಳಿಯುತ್ತದೆ. 1600 ಹಸುಗಳಿಗೆ ಕೊಟ್ಟರೆ ಎರಡೂವರೆಯಷ್ಟು ಆಚೀಚೆ. ಹತ್ತು ಹಸುಗಳ ಅನುಭವದಿಂದ ‘ಈ ಹೋರಿ ಒಳ್ಳೆಯದು, ಆ ಹೋರಿ ಕೆಟ್ಟದು’ ಎಂದು ನಿರ್ಣಯಿಸುವವರು, ಅವರು ರೈತರಾಗಿರಲಿ ಅಧಿಕಾರಿಗಳಾಗಿರಲಿ, ಬರಿಯ ಆಕಸ್ಮಿಕಕ್ಕೆ ಹೋರಿಯ ಹೆಸರನ್ನಿಡುತ್ತಿರುತ್ತಾರೆ. ಇದರ ಮೇಲೆ ಇತರ ಕಾರಣಗಳ ತೊಡಕು ಬೇರೆ. ಬೆಳಗ್ಗೆ ಬೆದೆ ಕಂಡ ಹಸುವಿಗೆ ಸಂಜೆ, ಸಂಜೆ ಕಂಡದ್ದಕ್ಕೆ ಮರುದಿನ ಬೆಳಗ್ಗೆ ಎಂಬ ನಿಯಮವು ತಪ್ಪಿದರೂ, ಪಾತ್ರೆಯಲ್ಲಿ ಸಾರಜನಕವು ಕೆಳಗಿಳಿದು ನಳಿಕೆಗಳು ಒಮ್ಮೆ ಬೆಚ್ಚಗಾಗಿದ್ದರೂ, 37 ಡಿಗ್ರಿಯ ನೀರಿನಲ್ಲಿ ಅರ್ಧ ನಿಮಿಷ ಕರಗಿಸಬೇಕಾದ ನಳಿಕೆಯನ್ನು ಅಂಗೈಯಲ್ಲಿ ಉಜ್ಜಿ ಕರಗಿಸಿದರೂ, ಬೇಸಗೆಯ ಒಣಮೇವಿನಿಂದ ಹಸುವು ಬಡಕಲಾಗಿದ್ದರೂ ಗಬ್ಬವು ನಿಲ್ಲದೆ ಹೋಗಬಹುದು. ಅಪವಾದವು ಮಾತ್ರ ಹೋರಿಯ ಪಾಲಿಗೆ, ಇಲ್ಲವೇ ವೈದ್ಯನ ಪಾಲಿಗೆ. ಈ ತೊಡಕುಗಳು ಪರಸ್ಪರ ಕಳೆದುಹೋಗುವಂತೆ ಮಾಡುವುದು ಅನೇಕ ಊರುಗಳ, ಅನೇಕ ಕೈಗಳ, ಅನೇಕ ಋತುಗಳ ದೊಡ್ಡ ಲೆಕ್ಕವೊಂದೇ.

ನಾಟಿ ದನಗಳ ಹೋರಿಯ ವಿಷಯದಲ್ಲಿಯಂತೂ ನಮ್ಮ ಅಲಕ್ಷ್ಯವು ಕ್ಷಮಾರ್ಹವಲ್ಲ. ಟ್ರ್ಯಾಕ್ಟರು ಬಂದು ಎತ್ತುಗಳು ಕಡಮೆಯಾದ ಮೇಲೆ ಕಾಡಂಚಿನ ಹಿಂಡಿಗೆ ಉಳಿದಿರುವುದು ಬಹುಶಃ ಒಂದೋ ಎರಡೋ ಹೋರಿ. ಅದು ನಿರ್ವೀರ್ಯವಾಗಿದ್ದರೆ ಹಿಂಡಿನ ಒಂದು ವರ್ಷದ ಕರುಗಳೇ ಇಲ್ಲವಾಗುತ್ತವೆ. ಅದಕ್ಕೆ ಜನನಾಂಗದ ರೋಗವು ತಗುಲಿದ್ದರೆ ಹಸುವಿನಿಂದ ಹಸುವಿಗೆ ತಾನೇ ಅದನ್ನು ದಾಟಿಸುತ್ತದೆ. ದೇವರ ಹೆಸರಿನಲ್ಲಿ ಬಿಟ್ಟ ಬಸವನನ್ನು ಪರೀಕ್ಷಿಸುವುದು ಅಪಚಾರವೆಂದು ಯಾರೂ ಭಾವಿಸಬೇಕಾದುದಿಲ್ಲ. ಕಾಲು, ಕಣ್ಣು, ವೃಷಣಗಳ ಪರೀಕ್ಷೆ, ಸುತ್ತಳತೆ, ಒಂದು ಹನಿ ವೀರ್ಯ, ಬ್ರೂಸೆಲ್ಲಾ ರೋಗಕ್ಕಾಗಿ ಸ್ವಲ್ಪ ರಕ್ತ, ಇಷ್ಟನ್ನು ಮುಂಗಾರಿಗೆ ಮುನ್ನ ವರ್ಷಕ್ಕೊಮ್ಮೆ ಮಾಡುವುದು ಒಂದು ಸೂಕ್ಷ್ಮದರ್ಶಕವುಳ್ಳ ಯಾವ ಪಶು ಆಸ್ಪತ್ರೆಗಾದರೂ ಸಾಧ್ಯವಿದೆ.

ಇನ್ನು ನಳಿಕೆಯ ಹಾದಿಯಲ್ಲಿ ಆಗಬೇಕಾದುದನ್ನು ಹೇಳಿ ಮುಗಿಸುತ್ತೇನೆ. ಪ್ರತಿ ನಳಿಕೆಯ ಮೇಲೆ ಹೋರಿಯ ಸಂಖ್ಯೆ, ತಳಿ, ಕೇಂದ್ರ, ಸಂಗ್ರಹದ ಕಾಲ ಅಚ್ಚಾಗಿರುತ್ತವೆ. ಹಸುವಿನ ಕಿವಿಯಲ್ಲಿ 12 ಅಂಕಿಗಳ ಹಳದಿ ಓಲೆಯಿದೆ. ಈ ಎರಡು ಸಂಖ್ಯೆಗಳನ್ನು ಒಂದೇ ಸಾಲಿನಲ್ಲಿ ಬರೆದು, ಮೂರು ತಿಂಗಳ ಬಳಿಕ ಅದೇ ಸಾಲಿನಲ್ಲಿ ‘ಗಬ್ಬ’ ಅಥವಾ ‘ಬರಿದು’ ಎಂಬ ಒಂದು ಮಾತನ್ನು ಸೇರಿಸಿದರೆ ಸಾಕು. ‘ಬರಿದು’ ಎಂಬುದನ್ನು ಬರೆಯಲು ಸಂಕೋಚಪಡುವ ಸಿಬ್ಬಂದಿಗೆ ಮೇಲಧಿಕಾರಿಗಳು ಅಭಯವನ್ನು ಕೊಡಬೇಕು, ಏಕೆಂದರೆ ಛೇದವು ಬರುವುದು ಆ ಮಾತಿನಿಂದಲೇ. ಬಳಸಿದ ನಳಿಕೆಯನ್ನು ಬಿಸಾಡುವ ಮೊದಲು ಅದರ ಮೇಲಿನ ಸಂಖ್ಯೆಯನ್ನು ತನ್ನ ಡೈರಿ ಪುಸ್ತಕದ ಹಿಂಪುಟದಲ್ಲಿ ಗುರುತಿಸಿಕೊಳ್ಳುವ ಅಭ್ಯಾಸವನ್ನು ಗೋಪಾಲಕನೂ ಬೆಳೆಸಿಕೊಳ್ಳಬೇಕು. ಗುಂಡ್ಲುಪೇಟೆಯ ವಹಿಯೊಂದರಿಂದ ಒಂದು ಹೋರಿಗೆ 400 ಹಸುಗಳ ಲೆಕ್ಕವು ದೊರೆಯದು. ಚಾಮರಾಜನಗರ, ಯಳಂದೂರು, ಕೊಳ್ಳೇಗಾಲ, ಹನೂರುಗಳ ವಹಿಗಳು ಕೂಡಿಕೊಂಡರೆ ದೊರೆಯುತ್ತದೆ. ಆ ಲೆಕ್ಕವು ವರ್ಷಕ್ಕೊಮ್ಮೆ ಹೋರಿಯ ಸಂಖ್ಯೆಯ ಅನುಕ್ರಮದಲ್ಲಿ ಹೆಸರಘಟ್ಟಕ್ಕೂ ಆಡುಗೋಡಿಗೂ ತಲಪುವಂತಾಗಲಿ. ಯಾವ ಪರೀಕ್ಷೆಯು ನಮ್ಮ ಹೋರಿಗಳ ವಿಷಯದಲ್ಲಿ ನಿಜವನ್ನು ನುಡಿಯುತ್ತದೆಯೆಂಬುದನ್ನು ಅಲ್ಲಿಯ ವಿಜ್ಞಾನಿಗಳು ಆಗ ನಮ್ಮ ಹಸುಗಳಿಂದಲೇ ತಿಳಿದುಕೊಳ್ಳಬಲ್ಲರು.